ಒಂದು ಮಗು, ಆರು ರಿಜಿಸ್ಟರ್: ಕಾಫಿ ಸೀಮೆಯಲ್ಲಿ ಮಕ್ಕಳ ಮಾಹಿತಿ ಹಂಚಿಕೆಯ ಲೆಕ್ಕಾಚಾರ

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತಿದ್ದಂತೆ ಮೂಡಿಗೆರೆ, ಕಳಸ, ಕೊಪ್ಪ ಕಡೆಯ ಲೈನ್ ಮನೆಗಳು (ತೋಟದ ಕೂಲಿಗಳ ಸಾಲುಮನೆಗಳು) ತುಂಬಿಕೊಳ್ಳುತ್ತವೆ. ಮಾರ್ಚ್ ಹೊತ್ತಿಗೆ ರೊಬಸ್ಟಾ ಮುಗಿದು ಮತ್ತೆ ಖಾಲಿಯಾಗುತ್ತವೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದಲೂ ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಬರುವ ಕುಟುಂಬಗಳ ಜೊತೆ ಮಕ್ಕಳೂ ಬರುತ್ತಾರೆ. ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗೆ, ಕೊಯ್ಲಿನ ವರ್ಷ ನವೆಂಬರ್‌ನಿಂದ ಮಾರ್ಚ್‌ವರೆಗೆ. ಅರ್ಧ ವರ್ಷ ಕಳೆದ ಮೇಲೆ ಬಂದ ಮಗು ವಾರ್ಷಿಕ ಪರೀಕ್ಷೆಗೆ ಮುಂಚೆಯೇ ಹೊರಟುಬಿಡುತ್ತದೆ.

ಆ ನಾಲ್ಕೈದು ತಿಂಗಳಲ್ಲಿ ಮಗುವಿನ ಬಗ್ಗೆ ಬರೆದುಕೊಳ್ಳುವವರಿಗೇನೂ ಕೊರತೆಯಿಲ್ಲ. ಅಂಗನವಾಡಿ ಟೀಚರ್ ತೂಕ, ಎತ್ತರವನ್ನು ಸರ್ಕಾರದ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ಗೆ ಏರಿಸುತ್ತಾರೆ. ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಲಸಿಕೆಯ ಲೆಕ್ಕವಿದೆ. ಶಾಲೆಗೆ ಸೇರಿದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಹೆಸರು ಬರುತ್ತದೆ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಮಕ್ಕಳ ಆರೋಗ್ಯ ತಪಾಸಣಾ ಯೋಜನೆ) ವೈದ್ಯರ ತಂಡ ಬಂದ ದಿನ ಮಗು ಅಲ್ಲಿದ್ದರೆ ಅವರದೊಂದು ಚೀಟಿ. ಯಾವ ಲೈನಿನಲ್ಲಿ ಯಾವ ಕುಟುಂಬ ಎಂಬ ಪಟ್ಟಿ ತೋಟದ ಹಾಜರಿ, ಕೂಲಿ ಬರೆಯುವ ಎಸ್ಟೇಟ್ ರೈಟರ್ ಬಳಿ. ಸಂಜೆ ಪಾಠ ನಡೆಸುವ ಸ್ವಯಂಸೇವಾ ಸಂಸ್ಥೆಯ ಹಾಜರಿ ಪುಸ್ತಕ ಆರನೆಯದು. ಆದರೂ ಎರಡು ವರ್ಷದ ಕೂಸಿಗೆ ದಡಾರ–ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ಆಗಿದೆಯೇ, ಅದರ ಅಕ್ಕ ಶಾಲೆ ಬಿಟ್ಟು ಕೂಸನ್ನು ನೋಡಿಕೊಳ್ಳುತ್ತಿದ್ದಾಳೆಯೇ ಎಂದು ಕೇಳಿದರೆ ಆರರಲ್ಲಿ ಒಂದು ಪುಸ್ತಕವೂ ಪೂರ್ತಿ ಉತ್ತರ ಕೊಡುವುದಿಲ್ಲ.

ಇದನ್ನು ಕಂಡವರಿಗೆಲ್ಲ ಮೊದಲು ಹೊಳೆಯುವ ಉಪಾಯವೆಂದರೆ ಎಲ್ಲ ಮಾಹಿತಿಯನ್ನೂ ಒಂದೇ ಸಾಫ್ಟ್‌ವೇರಿಗೆ ಸುರಿಯುವುದು. ನಮ್ಮ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ಖರ್ಚು ಹೆಚ್ಚು ಎಂಬುದಕ್ಕಿಂತ, ಅದು ತಪ್ಪು ಸಮಸ್ಯೆಗೆ ಉತ್ತರ ಎಂಬುದು ಮುಖ್ಯ. ಮಕ್ಕಳ ಬಗ್ಗೆ ಮಾಹಿತಿ ಸಾಲದೆ ಯಾರೂ ಕೈಕಟ್ಟಿ ಕೂತಿಲ್ಲ. ಒಬ್ಬರಿಗೆ ಗೊತ್ತಾದದ್ದು, ಅದರ ಮೇಲೆ ಕೆಲಸ ಮಾಡಬಲ್ಲ ಇನ್ನೊಬ್ಬರಿಗೆ ಸಮಯಕ್ಕೆ ತಲುಪುತ್ತಿಲ್ಲ. ತಲುಪಿದರೂ ಏನಾಯಿತು ಎಂಬ ಉತ್ತರ ಹಿಂದಕ್ಕೆ ಬರುತ್ತಿಲ್ಲ. ಇದಕ್ಕೆ ಬೇಕಾಗಿರುವುದು ಮಗುವಿನ ಇಡೀ ಜಾತಕವಲ್ಲ, ಒಂದು ನಿರ್ದಿಷ್ಟ ಪ್ರಶ್ನೆಗೆ ಬೇಕಾದಷ್ಟೇ ಚೂರು ಮಾಹಿತಿ.

ಮೊದಲು ಪ್ರಶ್ನೆ

‘ಮಕ್ಕಳ ಕ್ಷೇಮ’ ಎಂಬುದು ಪ್ರಶ್ನೆಯಲ್ಲ. ಪ್ರಶ್ನೆ ಹೀಗಿರಬೇಕು: ನಮ್ಮ ಪಂಚಾಯ್ತಿ ವ್ಯಾಪ್ತಿಯ ತೋಟಗಳಲ್ಲಿ ಡಿಸೆಂಬರ್ 15ರಂದು ಇರುವ ಆರು ವರ್ಷದೊಳಗಿನ ಮಕ್ಕಳಲ್ಲಿ ಎಷ್ಟು ಮಂದಿ ಯಾವ ಅಂಗನವಾಡಿಯಲ್ಲೂ ದಾಖಲಾಗಿಲ್ಲ? ಇದರಲ್ಲಿ ಜಾಗ, ದಿನಾಂಕ, ವಯಸ್ಸು, ಅಳತೆ ನಾಲ್ಕೂ ಇವೆ. ಉತ್ತರ ಸಿಕ್ಕರೆ ಯಾರು ಏನು ಮಾಡಬೇಕು ಎಂಬುದೂ ಸ್ಪಷ್ಟ. ಉತ್ತರ ಬಂದ ಮೇಲೆ ಯಾರೂ ಏನೂ ಬೇರೆ ರೀತಿ ಮಾಡುವುದಿಲ್ಲ ಎಂದಾದರೆ ಆ ಪ್ರಶ್ನೆಗೆ ಮಾಹಿತಿ ಕೂಡಿಸುವುದೇ ಬೇಡ.

ಊರಿಂದೂರಿಗೆ ಪ್ರಶ್ನೆ ಬದಲಾಗುತ್ತದೆ. ಚಿಕ್ಕಮಗಳೂರು ಒಂದೇ ಜಿಲ್ಲೆ. ಆದರೆ ಕಡೂರು, ಅಜ್ಜಂಪುರ ಬಯಲುಸೀಮೆ. ಅಲ್ಲಿ ಬರುವವರಿಗಿಂತ ಹೋಗುವವರ ಚಿಂತೆ ಹೆಚ್ಚು. ಅಪ್ಪ–ಅಮ್ಮ ಬೆಂಗಳೂರಿಗೆ ಕೂಲಿಗೆ ಹೋಗಿ ಮಗು ಅಜ್ಜಿ ಮನೆಯಲ್ಲಿ ಉಳಿದಿದೆಯೇ, ಟಿಸಿ ಪಡೆದ ಮಗು ಬೇರೆಡೆ ನಿಜವಾಗಿ ಸೇರಿತೇ ಎಂಬುದು ಅಲ್ಲಿನ ಪ್ರಶ್ನೆ. ಪಕ್ಕದ ಹಾಸನ ಜಿಲ್ಲೆಯಲ್ಲೂ ಹಾಗೆಯೇ: ಅರಸೀಕೆರೆಯ ಪ್ರಶ್ನೆ ಕಡೂರಿನದನ್ನು ಹೋಲುತ್ತದೆ, ಸಕಲೇಶಪುರದ ಪ್ರಶ್ನೆ ಮೂಡಿಗೆರೆಯದನ್ನು. ಜಿಲ್ಲೆಗೊಂದೇ ನಮೂನೆ ಮಾಡಿ ಎಲ್ಲರಿಗೂ ಹಂಚಿದರೆ ಅರ್ಧ ಕಾಲಂ ಖಾಲಿ ಬರುವುದು ಇದಕ್ಕೇ.

ಎಲ್ಲ ಕಡೆಗೂ ಸಲ್ಲುವ ಒಂದು ಸುಲಭ ಪ್ರಶ್ನೆಯಿದೆ, ಹೊಸದಾಗಿ ಶುರು ಮಾಡುವವರು ಅದರಿಂದಲೇ ಆರಂಭಿಸಬಹುದು. ಜೂನ್‌ನಲ್ಲಿ ಅಂಗನವಾಡಿ ಮುಗಿಸಿದ ಮಕ್ಕಳ ಪಟ್ಟಿಯನ್ನೂ ಸುತ್ತಲಿನ ಶಾಲೆಗಳ ಒಂದನೇ ತರಗತಿ ದಾಖಲಾತಿಯನ್ನೂ ಪಕ್ಕಪಕ್ಕ ಇಡುವುದು. ಖಾಸಗಿ ಶಾಲೆಗೆ ಹೋದವರನ್ನು ಬಿಟ್ಟು, ಮೊದಲ ಪಟ್ಟಿಯಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಮಕ್ಕಳು ಯಾರು? ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಶಾಲೆ ಶಿಕ್ಷಣ ಇಲಾಖೆಯದು. ಎರಡರ ಸಂದಿಯಲ್ಲಿ ಜಾರುವ ಮಗು ಯಾರ ಗುರಿಯ ಲೆಕ್ಕದಲ್ಲೂ ಕೊರತೆಯಾಗಿ ಕಾಣುವುದಿಲ್ಲ. ಇದಕ್ಕೆ ಕಂಪ್ಯೂಟರ್ ಕೂಡ ಬೇಡ, ಒಂದು ಮಧ್ಯಾಹ್ನ ಇಬ್ಬರು ಟೀಚರ್ ಪಟ್ಟಿ ಹಿಡಿದು ಕೂತರೆ ಸಾಕು.

ಗಡಿಗಳು ಒಂದಕ್ಕೊಂದು ಕೂಡುವುದಿಲ್ಲ

ಪಟ್ಟಿ ಕೂಡಿಸಲು ಹೊರಟವರಿಗೆ ಮೊದಲ ವಾರವೇ ಎದುರಾಗುವ ತೊಡಕು ಇದು. ಅಂಗನವಾಡಿಯ ವ್ಯಾಪ್ತಿ, ಆಶಾ ಕಾರ್ಯಕರ್ತೆಯ ಸುಮಾರು ಸಾವಿರ ಜನಸಂಖ್ಯೆಯ ವ್ಯಾಪ್ತಿ, ಆರೋಗ್ಯ ಉಪಕೇಂದ್ರದ್ದು, ಶಾಲಾ ಕ್ಲಸ್ಟರಿನದ್ದು, ಗ್ರಾಮ ಪಂಚಾಯ್ತಿಯದ್ದು – ಐದೂ ಬೇರೆ ಬೇರೆ. ದೊಡ್ಡ ಎಸ್ಟೇಟಿನ ಮೇಲಿನ ಲೈನ್ ಒಂದು ಪಂಚಾಯ್ತಿಗೆ, ಕೆಳಗಿನ ಲೈನ್ ಇನ್ನೊಂದಕ್ಕೆ ಸೇರಿರುವುದುಂಟು. ವಯಸ್ಸಿನ ಗಡಿಯೂ ಹಾಗೆ: ಅಂಗನವಾಡಿಗೆ ಆರು ವರ್ಷದವರೆಗೆ, ಶಿಕ್ಷಣ ಹಕ್ಕು ಕಾಯ್ದೆಗೆ 6ರಿಂದ 14, ಆರ್‌ಬಿಎಸ್‌ಕೆಗೆ ಹುಟ್ಟಿನಿಂದ 18. ಹೀಗಿರುವಾಗ ‘ಶೇಕಡಾ ಇಷ್ಟು ಮಕ್ಕಳು’ ಎಂದು ಬರೆದವರನ್ನು ಮೊದಲು ಕೇಳಬೇಕಾದ್ದು, ಯಾವ ಒಟ್ಟಿನಲ್ಲಿ ಎಂದು.

ಕೆಲಸಕ್ಕೆ ಬರುವ ಪರಿಹಾರವೆಂದರೆ ಎಲ್ಲರೂ ತಮ್ಮ ಲೆಕ್ಕವನ್ನು ಅತಿ ಚಿಕ್ಕ ಘಟಕದಲ್ಲಿ ಬರೆಯುವುದು: ಹಾಡಿ, ಕಾಲನಿ, ಲೈನ್. ಅದಕ್ಕೊಂದು ಸಂಖ್ಯೆ ಕೊಟ್ಟು, ಯಾವ ಲೈನ್ ಯಾವ ಅಂಗನವಾಡಿ, ಯಾವ ಉಪಕೇಂದ್ರ, ಯಾವ ಶಾಲೆಗೆ ಸೇರುತ್ತದೆ ಎಂಬ ಒಂದು ಹಾಳೆಯ ಪಟ್ಟಿ ಮಾಡಿಟ್ಟರೆ ಮುಂದೆ ಯಾವ ಗಡಿಗೆ ಬೇಕಾದರೂ ಕೂಡಿಸಿಕೊಳ್ಳಬಹುದು. ಈ ಒಂದು ಹಾಳೆ ಪಂಚಾಯ್ತಿ ಕಚೇರಿಯಲ್ಲಿದ್ದರೆ ಅರ್ಧ ಜಗಳ ಮುಗಿದಂತೆ. ಇದರಲ್ಲಿ ಯಾವ ಮಗುವಿನ ಹೆಸರೂ ಇಲ್ಲದ್ದರಿಂದ ಗೋಡೆಗೆ ಅಂಟಿಸಿದರೂ ತೊಂದರೆಯಿಲ್ಲ.

ಜಿಲ್ಲೆಯ ಗಡಿ ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೂಡಿಗೆರೆಯಲ್ಲಿ ಕೊಯ್ಲು ಮುಗಿಸಿದ ಮೇಸ್ತ್ರಿ ತನ್ನ ತಂಡವನ್ನು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಗೋ ಸಕಲೇಶಪುರಕ್ಕೋ ಕರೆದೊಯ್ದರೆ ದಾರಿ ದೂರವೇನಲ್ಲ, ಆದರೆ ಜಿಲ್ಲೆ ಬದಲಾಯಿತು. ಚಿಕ್ಕಮಗಳೂರಿನ ಲೆಕ್ಕದಲ್ಲಿ ಮಗು ‘ವಲಸೆ ಹೋಗಿದೆ’. ಹಾಸನದ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಎಣಿಕೆ ಬೇರೆ, ಹಸ್ತಾಂತರ ಬೇರೆ

ಮಾಹಿತಿ ಹಂಚಿಕೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಅವನ್ನು ಬೇರ್ಪಡಿಸದೆ ಹೋದದ್ದರಿಂದಲೇ ಹೆಚ್ಚಿನ ಅನಾಹುತಗಳು.

ಮೊದಲನೆಯದು ಎಣಿಕೆ. ಯೋಜನೆಗೆ, ಪಂಚಾಯ್ತಿಯ ಕ್ರಿಯಾ ಯೋಜನೆಗೆ, ‘ಕೂಸಿನ ಮನೆ’ (ಪಂಚಾಯ್ತಿಯ ಶಿಶುಪಾಲನಾ ಕೇಂದ್ರ) ಎಲ್ಲಿ ಬೇಕು ಎಂದು ತೀರ್ಮಾನಿಸುವುದಕ್ಕೆ ಹೆಸರು ಬೇಕಿಲ್ಲ. ಲೈನ್ ಸಂಖ್ಯೆ, ವಯೋಗುಂಪು, ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಮಂದಿಗೆ ಸೇವೆ ತಲುಪಿದೆ ಎಂಬ ನಾಲ್ಕು ಅಂಕಣ ಸಾಕು. ಇಲ್ಲೂ ಒಂದು ಎಚ್ಚರಿಕೆಯಿದೆ. ಲೆಕ್ಕಕ್ಕೆ, ಒಂದು ಪಂಚಾಯ್ತಿಯಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳು ಒಟ್ಟು 31 ಎಂದಿಟ್ಟುಕೊಳ್ಳಿ. ಮೂರು ಲೈನ್‌ಗಳಲ್ಲಿ ಕ್ರಮವಾಗಿ 18, 10, 3. ಐದಕ್ಕಿಂತ ಕಡಿಮೆ ಸಂಖ್ಯೆಯನ್ನು ಪ್ರಕಟಿಸಬಾರದು ಎಂಬ ನಿಯಮ ಪಾಲಿಸಿ ಮೂರನ್ನು ಮುಚ್ಚಿಟ್ಟು ಉಳಿದದ್ದನ್ನೂ ಒಟ್ಟನ್ನೂ ಕೊಟ್ಟರೆ, ಕಳೆಯಲು ಬಂದ ಯಾರಿಗಾದರೂ 3 ಸಿಗುತ್ತದೆ. ಎಂಟು ಮನೆಯ ಲೈನಿನಲ್ಲಿ ಆ ಮೂವರು ಯಾರೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಒಂದು ಸಂಖ್ಯೆ ಮುಚ್ಚಿದರೆ ಜೊತೆಗೆ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೇ ಎರಡು ಲೈನ್ ಸೇರಿಸಿ 13 ಎಂದು ಬರೆಯಬೇಕು.

ಎರಡನೆಯದು ಹಸ್ತಾಂತರ. ಒಂದು ಸಂಸ್ಥೆ ಕಂಡ ಮಗುವನ್ನು ಇನ್ನೊಂದರ ಕೈಗೆ ಒಪ್ಪಿಸುವುದು. ಇದಕ್ಕೆ ಹೆಸರು ಬೇಕೇ ಬೇಕು, ಆದರೆ ಆ ಒಂದು ಮಗುವಿನದು ಮಾತ್ರ, ಆ ಒಬ್ಬ ವ್ಯಕ್ತಿಗೆ ಮಾತ್ರ. ಅಂಕಣಗಳು ಒಂಬತ್ತು: ಮಗುವಿನ ಹೆಸರು, ತಾಯಿಯ ಹೆಸರು, ಹುಟ್ಟಿದ ತಿಂಗಳು–ವರ್ಷ, ಈಗಿರುವ ಲೈನ್, ಸ್ವಂತ ಊರು, ಬೇಕಾದ ಸೇವೆ, ಯಾರಿಗೆ ಒಪ್ಪಿಸಿದ್ದು, ಯಾವ ದಿನ, ಏನಾಯಿತು. ಆಧಾರ್ ಸಂಖ್ಯೆ, ಜಾತಿ, ಫೋಟೊ, ತಂದೆಯ ಕುಡಿತದ ಬಗ್ಗೆ ಷರಾ – ಇವು ಯಾವುವೂ ಬೇಡ. ಆಧಾರ್ ಇದ್ದರೆ ಹೊಂದಿಸಲು ಸುಲಭ ಎಂಬ ವಾದ ಕೇಳಿಬರುತ್ತದೆ. ಚಿಕ್ಕ ಮಕ್ಕಳಲ್ಲಿ ಅನೇಕರಿಗೆ ಆಧಾರ್ ಇರುವುದಿಲ್ಲ, ಇಲ್ಲದ ಕಾರಣಕ್ಕೆ ಮಗುವಿಗೆ ಸವಲತ್ತು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮೇಲಾಗಿ, ಎಲ್ಲಕ್ಕಿಂತ ಹೆಚ್ಚು ನೆರವು ಬೇಕಾದ ಮಗುವನ್ನೇ ಪಟ್ಟಿಯಿಂದ ಹೊರಗಿಡುವ ಅಂಕಣವನ್ನು ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ.

ಒಂಬತ್ತರಲ್ಲಿ ಕೊನೆಯದೇ ಮುಖ್ಯ, ಖಾಲಿ ಉಳಿಯುವುದೂ ಅದೇ. ‘ಪಿಎಚ್‌ಸಿಗೆ ಕಳಿಸಲಾಗಿದೆ’ ಎಂದು ಬರೆದವರು ತಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಪಿಎಚ್‌ಸಿಗೆ ಅಂಥ ಮಗು ಬರಬೇಕಿತ್ತು ಎಂಬುದೇ ತಿಳಿದಿರುವುದಿಲ್ಲ. ಒಪ್ಪಿಸಿಕೊಂಡವರು ಏಳು ದಿನದೊಳಗೆ ನಾಲ್ಕರಲ್ಲಿ ಒಂದು ಉತ್ತರ ಕೊಡಬೇಕೆಂಬ ನಿಯಮ ಮಾಡಿ: ಸೇವೆ ಆಯಿತು, ಮಗು ಸಿಗಲಿಲ್ಲ, ಪೋಷಕರಿಗೆ ಆಗಲಿಲ್ಲ, ನಮ್ಮಿಂದ ಆಗುವ ಕೆಲಸವಲ್ಲ. ಮೂರನೆಯ ಉತ್ತರಕ್ಕೆ ಕಾರಣ ಬರೆಯುವುದು ಕಡ್ಡಾಯ. ತೀವ್ರ ಅಪೌಷ್ಟಿಕತೆಯ ಜೊತೆ ಬೇರೆ ತೊಡಕೂ ಇರುವ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ಸಾಮಾನ್ಯವಾಗಿ 14 ದಿನ ತಾಯಿಯೂ ಜೊತೆಗಿರಬೇಕು. ಕೊಯ್ಲಿನ ನಡುವೆ ಎರಡು ವಾರ ಬಿಟ್ಟರೆ ಆ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಹೋಯಿತು, ಮುಂಗಡ ತೀರಿಸುವುದೂ ಬಾಕಿ. ಕೇಂದ್ರದಲ್ಲಿ ತಾಯಿಗೆ ದಿನಭತ್ಯೆ ಇದ್ದರೂ ಲೈನ್ ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ರಿಜಿಸ್ಟರ್‌ನಲ್ಲಿ ಇದು ‘ಪೋಷಕರು ನಿರಾಕರಿಸಿದರು’ ಎಂದಾಗುತ್ತದೆ. ಕಾರಣದ ಅಂಕಣವಿದ್ದರೆ ಅದೇ ಸಾಲು ತೋಟದ ಮಾಲೀಕರ ಜೊತೆ ಮಾತಾಡಬೇಕಾದ ವಿಷಯವಾಗುತ್ತದೆ, ಆ ಮಾತು ಆಡಬಲ್ಲ ಸಂಸ್ಥೆ ಆಸ್ಪತ್ರೆಯಂತೂ ಅಲ್ಲ. ಹಂಚಿಕೊಂಡ ಮಾಹಿತಿ ನಿಜಕ್ಕೂ ಬೆಲೆ ಬಾಳುವುದು ಇಲ್ಲಿ.

ಶಾಲಾ ಹಾಜರಿಗೂ ಇದೇ ಮಾತು. ‘ಗೈರು’ ಎಂಬ ಗುರುತಿನ ಪಕ್ಕ ಒಂದು ಅಕ್ಷರದ ಸಂಕೇತ ಸೇರಿಸಿ: ಜ್ವರ, ಮಳೆ, ಕೆಲಸ, ತಮ್ಮ–ತಂಗಿ ನೋಡಿಕೊಳ್ಳಲು, ಊರಿಗೆ ಹೋಗಿದೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ‘ಆನೆ’ ಎಂಬುದಕ್ಕೂ ಒಂದು ಅಕ್ಷರ ಬೇಕು. ಕಾಡಾನೆ ತೋಟದಲ್ಲಿದೆ ಎಂದು ನಾಲ್ಕು ದಿನ ಬಾರದ ಮಗುವನ್ನೂ ಮೆಣಸು ಬಿಡಿಸಲು ಹೋದ ಮಗುವನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಎರಡಕ್ಕೂ ಪರಿಹಾರ ಸಿಗುವುದಿಲ್ಲ.

ಹೆಸರು ಹೊಂದಿಸುವ ಕಷ್ಟ

ಮಂಜುನಾಥ, ಮಂಜುನಾಥ್, ಮಂಜು – ಅಂಗನವಾಡಿಯಲ್ಲಿ ಒಂದು, ತಾಯಿ ಕಾರ್ಡಿನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಹೊರರಾಜ್ಯದ ಮಕ್ಕಳ ಹೆಸರನ್ನು ಕೇಳಿಸಿದಂತೆ ಬರೆದುಕೊಂಡಾಗ ಗುರುತು ಸಿಗುವುದು ಇನ್ನೂ ಕಷ್ಟ. ಹುಟ್ಟಿದ ದಿನ ಗೊತ್ತಿಲ್ಲದಾಗ ಜನವರಿ 1 ಅಥವಾ ಜೂನ್ 1 ಎಂದು ಹಾಕುವ ರೂಢಿಯಿಂದಾಗಿ ಆ ಎರಡು ದಿನ ಹುಟ್ಟಿದ ಮಕ್ಕಳೇ ಪಟ್ಟಿಯ ತುಂಬ.

ಕಂಪ್ಯೂಟರಿಗೆ ಹತ್ತಿಸಿದ ಮೇಲಿನ ತೊಡಕುಗಳು ಬೇರೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಯೂನಿಕೋಡ್ ಪಟ್ಟಿಯ ಜೊತೆ ಹೊಂದುವುದೇ ಇಲ್ಲ. ಮೊದಲು ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ಕಣ್ಣಾಡಿಸಬೇಕು. ಯೂನಿಕೋಡ್‌ನಲ್ಲೂ ‘ಮಂಜುನಾಥ್’ ಎಂಬ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿಕೊಂಡಿರಬಹುದು. ನೋಡಲು ಎರಡೂ ಒಂದೇ, ಎಕ್ಸೆಲ್ ಮಾತ್ರ ಬೇರೆ ಬೇರೆ ಎನ್ನುತ್ತದೆ. ದಿನಾಂಕದ ಕಾಟ ಇನ್ನೊಂದು: 03/04/2021 ಎಂಬುದನ್ನು ಒಂದು ಕಂಪ್ಯೂಟರ್ ಏಪ್ರಿಲ್ 3 ಎಂದೂ ಇನ್ನೊಂದು ಮಾರ್ಚ್ 4 ಎಂದೂ ಓದುತ್ತದೆ. ದಿನ, ತಿಂಗಳು, ವರ್ಷಕ್ಕೆ ಮೂರು ಪ್ರತ್ಯೇಕ ಅಂಕಣ ಮಾಡಿದರೆ ಈ ಗೊಂದಲವಿಲ್ಲ.

ಹೊಂದಿಸುವ ಕ್ರಮ ಹೀಗಿರಲಿ. ತಾಯಿಯ ಹೆಸರು, ಲೈನ್ ಸಂಖ್ಯೆ, ಹುಟ್ಟಿದ ವರ್ಷ ಮೂರೂ ಕೂಡಿದರೆ ‘ಬಹುಶಃ ಒಂದೇ ಮಗು’. ತಂದೆಯ ಹೆಸರಿಗಿಂತ ತಾಯಿಯ ಹೆಸರು ಹೆಚ್ಚು ನಂಬಿಕಸ್ಥ, ಏಕೆಂದರೆ ಅಂಗನವಾಡಿ, ಆಶಾ ದಾಖಲೆಗಳೆರಡೂ ತಾಯಿಯಿಂದಲೇ ಶುರುವಾಗುತ್ತವೆ. ಮಗುವಿನ ಹೆಸರೂ ಹತ್ತಿರವಿದ್ದರೆ ‘ಒಂದೇ ಮಗು’. ಉಳಿದವನ್ನು ಯಂತ್ರಕ್ಕೆ ಬಿಡದೆ ಆ ಲೈನಿಗೆ ಹೋಗಿ ಬರುವ ಆಶಾ ಕಾರ್ಯಕರ್ತೆಗೆ ತೋರಿಸಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅವಳಿ ಮಕ್ಕಳನ್ನು ಪ್ರತ್ಯೇಕವಾಗಿ ನೋಡಿ – ತಾಯಿ, ಲೈನ್, ಹುಟ್ಟಿದ ದಿನ ಮೂರೂ ಒಂದೇ ಆಗಿರುವುದರಿಂದ ಇಬ್ಬರನ್ನು ಒಬ್ಬರಾಗಿ ಸೇರಿಸಿಬಿಡುವ ಸಾಧ್ಯತೆ ಹೆಚ್ಚು. ಎರಡು ಬಗೆಯ ತಪ್ಪಿನಲ್ಲಿ ಇದೇ ಹೆಚ್ಚು ಅಪಾಯದ್ದು. ಒಂದೇ ಮಗು ಎರಡು ಸಲ ಬಂದರೆ ಒಂದು ಭೇಟಿ ವ್ಯರ್ಥವಾದೀತು, ಅಷ್ಟೆ. ಇಬ್ಬರು ಮಕ್ಕಳು ಒಂದಾದರೆ ಒಬ್ಬರಿಗೆ ಹಾಕಿದ ಲಸಿಕೆ ಇಬ್ಬರ ಲೆಕ್ಕಕ್ಕೂ ಬಂದು ಇನ್ನೊಂದು ಮಗು ಪಟ್ಟಿಯಿಂದಲೇ ಮಾಯ.

ಹೆಸರನ್ನು ಗುಪ್ತ ಸಂಕೇತವಾಗಿ ಬದಲಿಸಿ ಹಂಚಿಕೊಳ್ಳಿ ಎಂದು ಕಂಪ್ಯೂಟರ್ ಬಲ್ಲವರು ಸಲಹೆ ಕೊಡುತ್ತಾರೆ. ಈ ಮಟ್ಟದಲ್ಲಿ ಅದು ನಡೆಯುವುದಿಲ್ಲ. ಒಂದು ದೀರ್ಘ ವ್ಯತ್ಯಾಸವಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಇನ್ನೊಂದು ಕಡೆ, ಇನ್ನೂರು ಮಕ್ಕಳ ಪಂಚಾಯ್ತಿಯಲ್ಲಿ ಎಲ್ಲ ಹೆಸರನ್ನೂ ಒಂದೊಂದಾಗಿ ಹಾಕಿ ನೋಡಿ ಸಂಕೇತ ಬಿಡಿಸುವುದು ಕಷ್ಟವಲ್ಲ.

ಅಳತೆ ಒಂದೇ ಅಲ್ಲದಿದ್ದರೆ

ಒಂದು ಸಂಸ್ಥೆ ತೋಳಿನ ಸುತ್ತಳತೆಯ ಪಟ್ಟಿಯಿಂದ ಅಳೆಯುತ್ತದೆ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ, 11.5ರಿಂದ 12.5ರೊಳಗಿದ್ದರೆ ಮಧ್ಯಮ. ಅಂಗನವಾಡಿ ಎತ್ತರಕ್ಕೆ ತಕ್ಕ ತೂಕ ನೋಡುತ್ತದೆ. ಎರಡೂ ಸರಿಯಾದ ವಿಧಾನಗಳೇ. ಆದರೆ ಎರಡೂ ಗುರುತಿಸುವ ಮಕ್ಕಳು ಪೂರ್ತಿ ಒಬ್ಬರೇ ಅಲ್ಲ. ಹಾಗಾಗಿ ಒಂದರ 12 ಮತ್ತು ಇನ್ನೊಂದರ 15 ಸೇರಿಸಿ 27 ಎನ್ನುವುದೂ ತಪ್ಪು, ‘ಅವರದು 12, ನಿಮ್ಮದು 15, ಯಾರೋ ಸುಳ್ಳು ಬರೆದಿದ್ದಾರೆ’ ಎನ್ನುವುದೂ ತಪ್ಪು. ಯಾವ ವಿಧಾನ ಎಂಬುದು ಸಂಖ್ಯೆಯ ಪಕ್ಕದಲ್ಲೇ ಇರಬೇಕು.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆಯುವುದು ಕ್ರಮ. ಅದೇ ಮಗುವಿನ ಮಲಗಿದ ಉದ್ದ ನಿಂತ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ, ಗಡಿಯಲ್ಲಿರುವ ಮಗುವಿನ ವರ್ಗ ಬದಲಾಗಲು ಅಷ್ಟು ಸಾಕು. ಡಿಸೆಂಬರ್ ಚಳಿಯಲ್ಲಿ ಸ್ವೆಟರ್, ಟೋಪಿ ಸಮೇತ ತೂಕ ಹಾಕಿದರೆ ಮಗು ಕಾಗದದ ಮೇಲೆ ದಪ್ಪಗಾಗುತ್ತದೆ. ತೂಕದ ಯಂತ್ರವನ್ನು ತಿಂಗಳಿಗೊಮ್ಮೆ ಗೊತ್ತಿರುವ ಭಾರ ಇಟ್ಟು ಪರೀಕ್ಷಿಸಿ – ಅಂಗಡಿಯ ಒಂದು ಕಿಲೋ ತೂಕದಕಲ್ಲಾದರೂ ಆದೀತು.

ಒಪ್ಪಿಗೆ ಯಾರು ಕೇಳಬೇಕು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಪರಿಶೀಲಿಸಬಹುದಾದ ರೀತಿಯಲ್ಲಿ ಪಡೆಯಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ, ಜಾರಿಗೆ ಬರಬೇಕು. ಮಕ್ಕಳಿಗೆ ಸಂಬಂಧಿಸಿದ ಹೊಣೆ ಮುರಿದರೆ ದಂಡ 200 ಕೋಟಿ ರೂಪಾಯಿವರೆಗೆ. ಶಾಲೆ, ಶಿಶುಪಾಲನಾ ಕೇಂದ್ರ, ಆಸ್ಪತ್ರೆಗಳಿಗೆ ಕೆಲವು ಸೀಮಿತ ವಿನಾಯ್ತಿಗಳಿವೆ. ಆ ವಿನಾಯ್ತಿ ಜೊತೆಗೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗೂ ತಾನಾಗಿ ಸಿಗುತ್ತದೆ ಎಂದು ಭಾವಿಸಬಾರದು. ಬರೀ ಕಾಗದದ ರಿಜಿಸ್ಟರ್‌ಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದನ್ನು ಟೈಪ್ ಮಾಡಿದ ಕ್ಷಣದಿಂದ ಅನ್ವಯಿಸುತ್ತದೆ. ಫೋನಿನಲ್ಲಿ ಪುಟದ ಫೋಟೊ ಹೊಡೆದುಕೊಂಡರೂ ಅದು ಡಿಜಿಟಲ್ಲೇ.

ಕಾನೂನಿಗಿಂತ ಮುಂದೆ ಹೋಗಿ ಯೋಚಿಸಬೇಕಾದ್ದು, ಒಪ್ಪಿಗೆ ಕೇಳುವವರು ಯಾರು ಎಂಬುದು. ತೋಟದಲ್ಲಿ ಎಸ್ಟೇಟ್ ರೈಟರ್ ಅಥವಾ ಮೇಸ್ತ್ರಿಯ ಮೂಲಕ ಸಹಿ ಹಾಕಿಸುವುದು ಅತಿ ಸುಲಭ, ಒಂದೇ ಸಂಜೆಗೆ ಎಲ್ಲ ಮನೆ ಮುಗಿಯುತ್ತದೆ. ಅದೇ ಕಾರಣಕ್ಕೆ ಹಾಗೆ ಮಾಡಬಾರದು. ಕೂಲಿ ಬರೆಯುವವನ ಎದುರು ‘ಆಗುವುದಿಲ್ಲ’ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. ಅಂಗನವಾಡಿ ಟೀಚರೋ ಆಶಾ ಕಾರ್ಯಕರ್ತೆಯೋ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು. ಹಿಂದಿಯೂ ಅರ್ಧಂಬರ್ಧ ಬರುವ ಕುಟುಂಬಗಳಿಗೆ ಅದೇ ಲೈನಿನ, ಆದರೆ ಮೇಸ್ತ್ರಿಯ ಮನೆಯವರಲ್ಲದ, ಒಬ್ಬ ಹೆಂಗಸನ್ನು ದುಭಾಷಿಯಾಗಿ ಕೂರಿಸಿಕೊಳ್ಳಬಹುದು. ಹೇಳಬೇಕಾದ್ದು ಐದೇ ಮಾತು: ಏನು ಬರೆದುಕೊಳ್ಳುತ್ತೇವೆ, ಯಾರಿಗೆ ಕೊಡುತ್ತೇವೆ, ಏಕೆ, ಯಾವಾಗ ಅಳಿಸುತ್ತೇವೆ, ಬೇಡ ಎಂದರೆ ಏನಾಗುತ್ತದೆ. ಕೊನೆಯದಕ್ಕೆ ಉತ್ತರ ‘ಏನೂ ಆಗುವುದಿಲ್ಲ, ಮೊಟ್ಟೆ, ಆಹಾರ, ಲಸಿಕೆ ಎಲ್ಲವೂ ಸಿಗುತ್ತದೆ’ ಎಂದೇ ಇರಬೇಕು, ಮತ್ತು ಅದು ನಿಜವೂ ಆಗಿರಬೇಕು.

ಒಪ್ಪಿಗೆ ಕಾಯದೆ ಮುಂದುವರಿಯಬೇಕಾದ ಸಂದರ್ಭವೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ. ಇಂಥದ್ದನ್ನು ಹಂಚಿಕೆಯ ಪಟ್ಟಿಗೆ ಸೇರಿಸಲೇಬಾರದು. ಅದೇ ದಿನ ಪೊಲೀಸರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ ನೇರವಾಗಿ ಹೋಗಬೇಕು. ಸಮಿತಿಯ ಮುಂದಿರುವ ಮಗುವಿನ ಗುರುತು ಬಹಿರಂಗವಾಗದಂತೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಕಾಯುತ್ತದೆ. ತಿಂಗಳ ಸಭೆಯಲ್ಲಿ ‘ಆ ಲೈನಿನ ಆ ಹುಡುಗಿಯ ಕೇಸ್ ಏನಾಯ್ತು’ ಎಂದು ಕೇಳುವುದೂ ಅದರ ಉಲ್ಲಂಘನೆಗೆ ಹತ್ತಿರ.

ಸೋರುವ ಜಾಗಗಳು

ಹ್ಯಾಕರ್‌ಗಳ ಭಯ ನಂತರದ್ದು. ನಮ್ಮ ಕಡೆ ಮಾಹಿತಿ ಸೋರುವುದು ವಾಟ್ಸ್ಯಾಪ್ ಗ್ರೂಪಿನಿಂದ ಮತ್ತು ಜೆರಾಕ್ಸ್ ಅಂಗಡಿಯಿಂದ. ‘ಪಂಚಾಯ್ತಿ ಮಕ್ಕಳ ಕ್ಷೇಮ’ ಎಂಬ ಗ್ರೂಪಿಗೆ ಮಗುವಿನ ಫೋಟೊ, ತೂಕ, ತಾಯಿಯ ನಂಬರ್ ಬಿದ್ದರೆ ಅಲ್ಲಿರುವ ಎಲ್ಲರ ಫೋನಿನ ಗ್ಯಾಲರಿಗೂ ಅದು ಇಳಿಯಿತು. ವರ್ಗವಾಗಿ ಹೋದ ಅಧಿಕಾರಿ, ಸೋತ ಸದಸ್ಯರು ಅದೇ ಗ್ರೂಪಿನಲ್ಲಿ ಇನ್ನೂ ಇರುತ್ತಾರೆ. ಪ್ರಿಂಟ್ ತೆಗೆಸಲು ಅಂಗಡಿಯವನಿಗೆ ಕಳಿಸಿದ ಫೈಲು ಅವನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಗೂಗಲ್ ಶೀಟನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಬಿಟ್ಟರೆ ಊರಿನ ಎದುರು ಹರಡಿದಂತೆ.

ಗ್ರೂಪ್ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ನಿಯಮ ಹೀಗಿರಲಿ: ಗ್ರೂಪಿನಲ್ಲಿ ಹಸ್ತಾಂತರ ಸಂಖ್ಯೆ ಮಾತ್ರ. ‘17ನೇದು ಬಾಕಿ ಇದೆ, ಶುಕ್ರವಾರದೊಳಗೆ ನೋಡಿ’ ಎಂದು ಬರೆದರೆ ಸಂಬಂಧಪಟ್ಟವರಿಗೆ ಅರ್ಥವಾಗುತ್ತದೆ, ಉಳಿದವರಿಗೆ ಇಲ್ಲ. ಹೆಸರಿರುವ ಪುಸ್ತಕ ಬೀಗದಲ್ಲಿ, ಇಬ್ಬರ ಸುಪರ್ದಿಯಲ್ಲಿ. ಘಟ್ಟದಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದ ಜಾಗ ಇನ್ನೂ ಬೇಕಾದಷ್ಟಿದೆ. ಮೂರು ಪ್ರತಿಯ ಕಾರ್ಬನ್ ಪುಸ್ತಕ ಅಲ್ಲಿ ಯಾವ ಆ್ಯಪಿಗಿಂತಲೂ ವಾಸಿ. ಒಂದು ಪ್ರತಿ ಒಪ್ಪಿಸಿದವರಿಗೆ, ಒಂದು ಒಪ್ಪಿಸಿಕೊಂಡವರಿಗೆ, ಒಂದು ತಾಯಿಗೆ.

ಸಂಸ್ಥೆಗಳ ನಡುವಿನ ಒಪ್ಪಂದ ಎರಡು ಪುಟ ಮೀರಬೇಕಿಲ್ಲ. ಪ್ರಶ್ನೆ ಯಾವುದು, ಯಾವ ಅಂಕಣಗಳು, ಯಾರ ಕೈಯಲ್ಲಿ, ಯಾವ ದಿನ ನಾಶ, ಸೋರಿದರೆ ಪೋಷಕರಿಗೆ ಹೇಳುವವರು ಯಾರು – ಇಷ್ಟು. ‘ಇತರ ಸಂಬಂಧಿತ ಉದ್ದೇಶಗಳಿಗೆ’ ಎಂಬ ಸಾಲು ಕಂಡರೆ ಹೊಡೆದುಹಾಕಿ. ದೇಣಿಗೆದಾರರ ವರದಿಗೆ ಮಗುವಿನ ಕಥೆ, ಫೋಟೊ ಹೋಗುವುದು ಆ ಸಾಲಿನ ಬಾಗಿಲಿನಿಂದಲೇ.

ಸಂಖ್ಯೆ ಹೆಚ್ಚಾದರೆ ಬೈಗುಳ

ತಾಂತ್ರಿಕವಾಗಿ ಎಲ್ಲ ಸರಿಯಿದ್ದೂ ಕೆಡುವುದು ಇಲ್ಲಿ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಹೆಚ್ಚು ತೋರಿಸಿದ ಅಂಗನವಾಡಿಗೆ ನೋಟಿಸ್, ಸೊನ್ನೆ ತೋರಿಸಿದ್ದಕ್ಕೆ ಶಹಭಾಸ್ ಎಂದಾದರೆ ಮುಂದಿನ ತಿಂಗಳು ಎಲ್ಲರದೂ ಸೊನ್ನೆ. ಕೊಯ್ಲು ಶುರುವಾದ ತಿಂಗಳು ಮಲೆನಾಡಿನ ಅಂಗನವಾಡಿಯಲ್ಲಿ ಸಂಖ್ಯೆ ಏರಿದರೆ ಅದು ಬಹುಮಟ್ಟಿಗೆ ಒಳ್ಳೆಯ ಸುದ್ದಿ: ಬಂದ ಮಕ್ಕಳನ್ನು ಯಾರೋ ಹುಡುಕಿ ತೂಗಿದ್ದಾರೆ. ಹಾಗಾಗಿ ಈ ಹಂಚಿಕೆಯ ಅಂಕಿಗಳನ್ನು ಯಾರ ಕಾರ್ಯಕ್ಷಮತೆ ಅಳೆಯಲೂ ಬಳಸುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಯಬೇಕು. ಎಷ್ಟು ಮಕ್ಕಳು ಸಿಕ್ಕರು ಎಂಬುದರ ಬದಲು, ಒಪ್ಪಿಸಿದವರಲ್ಲಿ ಎಷ್ಟು ಮಂದಿಗೆ ಏಳು ದಿನದೊಳಗೆ ಉತ್ತರ ಬಂತು ಎಂದು ಕೇಳಿದರೆ ಸಾಕು.

ಕೆಲಸದ ಹೊರೆಯ ಮಾತೂ ಇದೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆಯ 11 ರಿಜಿಸ್ಟರ್‌ಗಳ ಮೇಲೆ ಆ್ಯಪ್ ಬಂದಿದೆ. ಅದರ ಮೇಲೆ ಸ್ವಯಂಸೇವಾ ಸಂಸ್ಥೆ ಇನ್ನೊಂದು ನಮೂನೆ ಹಿಡಿದು ಬಂದರೆ ಟೀಚರ್ ಅದನ್ನು ಕೊನೆಯ ದಿನ ಕೂತು ಅಂದಾಜಿನಲ್ಲಿ ತುಂಬುವುದು ಸಹಜ. ಹೊಸ ಅಂಕಣ ಬೇಕೆನ್ನುವವರೇ ಬಂದು ಬರೆದುಕೊಳ್ಳಲಿ. ಹೊಸ ಸಮಿತಿಯೂ ಬೇಡ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಬಾಲವಿಕಾಸ ಸಮಿತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈಗಾಗಲೇ ಇವೆ. ಮೂರರಲ್ಲೂ ಬಹುತೇಕ ಅದೇ ಜನ. ಮೊದಲನೆಯದರ ತಿಂಗಳ ಸಭೆಗೆ ಅರ್ಧ ಗಂಟೆ ಸೇರಿಸಿ, ಬಾಕಿ ಉಳಿದ ಹಸ್ತಾಂತರಗಳನ್ನು ಮಾತ್ರ ಚರ್ಚಿಸಿದರೆ ಆಯಿತು. ಹೆಸರಿಲ್ಲದ ಎಣಿಕೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯ ಮುಂದೆ ಬರಲಿ.

ಅಕ್ಟೋಬರ್‌ನಿಂದ ಏಪ್ರಿಲ್

ಕೊಯ್ಲಿನ ಊರುಗಳಿಗೆ ವೇಳಾಪಟ್ಟಿ ಹೀಗೆ ಹಾಕಿಕೊಳ್ಳಬಹುದು. ಅಕ್ಟೋಬರ್‌ನಲ್ಲಿ ಲೈನ್ ಪಟ್ಟಿ ಸರಿಪಡಿಸಿ, ಒಪ್ಪಂದಕ್ಕೆ ಸಹಿ ಹಾಕಿ, ಯಾವ ತೋಟಕ್ಕೆ ಸುಮಾರು ಎಷ್ಟು ಕುಟುಂಬ ಬರಲಿದೆ ಎಂದು ರೈಟರ್‌ಗಳಿಂದ ಕೇಳಿಟ್ಟುಕೊಳ್ಳಿ. ಹೆಸರು ಬೇಡ, ಸಂಖ್ಯೆ ಸಾಕು. ನವೆಂಬರ್ ಕೊನೆಗೆ ಎಣಿಕೆಯ ಮೊದಲ ಸುತ್ತು, ಡಿಸೆಂಬರ್ ನಡುವೆ ಎರಡನೆಯದು. ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಅದರಲ್ಲಿ ಒಂದು ಭೇಟಿಯಾದರೂ ಡಿಸೆಂಬರ್–ಜನವರಿಯಲ್ಲಿ ಬೀಳುವಂತೆ ಎಣಿಕೆ ತೋರಿಸಿ ಮೊದಲೇ ಕೋರಿಕೊಳ್ಳಿ. ಇಲ್ಲವಾದರೆ ಎರಡೂ ಭೇಟಿ ಕೊಯ್ಲಿನ ಹೊರಗೆ ಬಿದ್ದು ವಲಸೆ ಮಕ್ಕಳನ್ನು ವೈದ್ಯರು ನೋಡುವುದೇ ಇಲ್ಲ.

ಫೆಬ್ರುವರಿ ಕೊನೆಯ ವಾರದ ಕೆಲಸ ಎಲ್ಲಕ್ಕಿಂತ ಮುಖ್ಯ. ಕುಟುಂಬ ಹೊರಡುವ ಮುಂಚೆ ತಾಯಿಯ ಕೈಗೆ ಒಂದು ಹಾಳೆ ಕೊಡಿ: ಮಗುವಿನ ಹೆಸರು, ಹಾಕಿದ ಲಸಿಕೆ ಮತ್ತು ದಿನಾಂಕ, ಮುಂದಿನ ಲಸಿಕೆ ಯಾವಾಗ, ಕೊನೆಯ ತೂಕ–ಎತ್ತರ ಮತ್ತು ಅಳೆದ ವಿಧಾನ, ಓದುತ್ತಿದ್ದ ತರಗತಿ ಮತ್ತು ಸ್ಯಾಟ್ಸ್ ಸಂಖ್ಯೆ, ನಡೆಯುತ್ತಿರುವ ಚಿಕಿತ್ಸೆ ಇದ್ದರೆ ಔಷಧದ ಹೆಸರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡದ ಚೀಟಿಯನ್ನು ಜಾರ್ಖಂಡಿನ ನರ್ಸ್ ಓದಲಾರರು. ಅಂಗನವಾಡಿಯಲ್ಲಿ ದಾಖಲಾಗಿದ್ದ ಮಗುವಾದರೆ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರು ಅಳಿಸದೆ ವಲಸೆ ಎಂದು ಗುರುತಿಸಿ, ಹೊಸ ಊರಿನ ಅಂಗನವಾಡಿ ಅದನ್ನು ಮುಂದುವರಿಸಬಹುದು. ಸಕಲೇಶಪುರಕ್ಕೋ ಅರೇಹಳ್ಳಿಗೋ ಹೋಗುವುದಾದರೆ ಅಲ್ಲಿನ ಮೇಲ್ವಿಚಾರಕಿಗೆ, ತಾಯಿಗೆ ಹೇಳಿ, ಒಂದು ಫೋನ್ ಮಾಡಿ. ಎರಡು ಇಲಾಖೆಗಳು, ಎರಡು ಜಿಲ್ಲೆಗಳು ಕೂಡದ ಕಡೆಯೂ ಈ ಹಾಳೆ ದಾಟುತ್ತದೆ. ಕಳೆದುಹೋಗುವುದೂ ಉಂಟು, ಅದಕ್ಕೇ ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡಿನ ಜೊತೆ ಇಟ್ಟು ಕೊಡುವುದು ಒಳ್ಳೆಯದು.

ಏಪ್ರಿಲ್‌ನಲ್ಲಿ ಬಾಕಿ ಹಸ್ತಾಂತರಗಳನ್ನು ಮುಗಿಸಿ, ಎಣಿಕೆಯ ಹಾಳೆಗಳನ್ನು ಪಂಚಾಯ್ತಿಗೆ ಒಪ್ಪಿಸಿ, ಹೆಸರಿರುವ ಪುಸ್ತಕದಲ್ಲಿ ಚಿಕಿತ್ಸೆ ಮುಂದುವರಿದಿರುವ ಮಕ್ಕಳದ್ದನ್ನು ಬಿಟ್ಟು ಉಳಿದದ್ದನ್ನು ಒಪ್ಪಂದದ ದಿನಾಂಕದಂದು ಇಬ್ಬರ ಸಾಕ್ಷಿಯಲ್ಲಿ ನಾಶಪಡಿಸಿ, ನಾಶಪಡಿಸಿದ್ದಕ್ಕೊಂದು ಸಾಲು ನಡವಳಿ ಪುಸ್ತಕದಲ್ಲಿ ಬರೆಯಿರಿ. ಫೋನುಗಳಲ್ಲಿ ಉಳಿದ ಫೋಟೊಗಳನ್ನೂ ಅದೇ ಸಭೆಯಲ್ಲಿ, ಎಲ್ಲರೂ ಕೂತಿರುವಾಗಲೇ ಅಳಿಸಬೇಕು. ಮನೆಗೆ ಹೋಗಿ ಅಳಿಸುತ್ತೇನೆ ಎಂದದ್ದು ಅಳಿದ ಉದಾಹರಣೆ ಕಡಿಮೆ.